ಲೈನ್‌ಮಾವ

ನನ್ನ ಅಮ್ಮನ ತಮ್ಮ ಊರಿಗೆಲ್ಲ ಲೈನ್‌ಮನ್, ನಮಗೆ ಮಾತ್ರ ಲೈನ್‌ಮಾವ. ಚಿಕ್ಕಂದಿನಲ್ಲಿ ನನ್ನ ತಂಗಿಗೆ ನಾಲಿಗೆ ಸರಿಯಾಗಿ ಹೊರಳುತ್ತಿರಲಿಲ್ಲ. ಅವಳ ಬಾಯಲ್ಲಿ ಹೇಗೆ ಬಂತೋ ಹಾಗೇ ಹೆಸರು ನಿಂತುಬಿಟ್ಟಿತು. ಕೆಲಸಕ್ಕೆ ಸೇರಿದ ಮೇಲೆ ಒಂದು ವಿದ್ಯುತ್ ತಂತಿಯನ್ನೂ ಮುಟ್ಟದೆ, ಲೈನ್‌ಮನ್ ಎಂದೇ ಸಂಬಳ ತೆಗೆದುಕೊಂಡು, ಲೈನ್‌ಮನ್ ಎಂದೇ ನಿವೃತ್ತನಾದ ಮನುಷ್ಯ ಅವನು. ಅದು ಹೇಗೆ ಸಾಧ್ಯ ಎಂದು ಯಾರು ಕೇಳಿದರೂ ಅವನದು ಒಂದೇ ಉತ್ತರ: "ನಾನೇನ್ ಮಾಡ್ಲಿ? ಹೇಳಿದ್ದು ಮಾಡ್ದೆ."

ಹಾಗೆಂದು ಕೆಲಸ ಬಾರದವನೇನಲ್ಲ. ತರಬೇತಿ ಶಾಲೆಯಲ್ಲಿ ಕಂಬ ಹತ್ತುವುದರಲ್ಲಿ ಮಾವನನ್ನು ಮೀರಿಸುವವರಿರಲಿಲ್ಲವಂತೆ. ಸೊಂಟದ ಪಟ್ಟಿ ಬಿಗಿದು, ರಬ್ಬರ್ ಕೈಗವಸು ತೊಟ್ಟು ಹೊರಟರೆ ಮೇಷ್ಟ್ರು ಮಾತು ಮುಗಿಸುವಷ್ಟರಲ್ಲಿ ಕಂಬದ ತುದಿಯಲ್ಲಿರುತ್ತಿದ್ದ. ನೋಡಲು ಹೋಗಿದ್ದ ಅಜ್ಜಿ ಕೆಳಗೆ ಸೆರಗು ಹಿಡಿದು ನಿಂತಿದ್ದಳಂತೆ, ಬಿದ್ದರೆ ಹಿಡಿದುಕೊಳ್ಳಲು.

ನೇಮಕದ ಆದೇಶ ಬಂದಾಗ ಅದರಲ್ಲಿ ಪರವಾನಗಿ ಕಚೇರಿಗೆ ಹೋಗಿ ಸೇರು ಎಂದಿತ್ತು. ಅಂಗಡಿ ತೆರೆಯಲು, ಗೋಡೆ ಕಟ್ಟಲು, ತಳ್ಳುಗಾಡಿ ತಳ್ಳಲು ಜನ ಅಪ್ಪಣೆ ಕೇಳುವ ಜಾಗ ಅದು. ಅಲ್ಲಿ ಲೈನ್‌ಮನ್‌ಗೇನು ಕೆಲಸ ಎಂದು ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ. ಸರ್ಕಾರದ್ದು, ಏನೋ ಇರುತ್ತದೆ ಬಿಡು ಎಂದುಕೊಂಡರು. ಮಾವ ಪಟ್ಟಿ, ಕೈಗವಸು, ಮುಳ್ಳಿನ ಬೂಟು ಎಲ್ಲ ಹೊತ್ತುಕೊಂಡು ಹೋಗಿ ಮೇಲ್ವಿಚಾರಕರ ಮುಂದೆ ನಿಂತ. ಅವರು ಸದಾ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುವ ದುಂಡನೆಯ ಮನುಷ್ಯ.

"ಬಂದ್ಯಾ ಮಹರಾಯ! ಲೈನ್‌ಗೊಬ್ಬ ಮ್ಯಾನ್ ಕಳಿಸಿ ಅಂತ ಬರೆದೂ ಬರೆದೂ ಕೈ ಬಿದ್ದುಹೋಯ್ತು. ಇಲ್ಲಿ ಲೈನ್ ಅನ್ನೋದೇ ಇಲ್ಲ, ನೋಡು."

ಮಾವ ಕಿಟಕಿಯಿಂದ ನೋಡಿದ. ಅಂಗಳದ ಮೇಲೆ ಕಂಬದಿಂದ ಕಂಬಕ್ಕೆ ತಂತಿ ಹಾದಿತ್ತು.

"ಇದೆಯಲ್ಲ ಸಾರ್. ಸ್ವಲ್ಪ ಜೋತುಬಿದ್ದಿದೆ ಅಷ್ಟೆ."

"ಜೋತುಬೀಳದೆ ಇನ್ನೇನಾಗುತ್ತೆ? ಬೆಳಗ್ಗೆಯಿಂದ ಬಿಸಿಲಲ್ಲಿದೆ."

"ಬಿಸಿಲಿಗೆ ಹಿಗ್ಗುತ್ತೆ ಸಾರ್. ಎಳೆದು ಕಟ್ಟಿದ್ರೆ ಸರಿಹೋಗುತ್ತೆ."

ಮೇಲ್ವಿಚಾರಕರಿಗೆ ಗಾಬರಿಯಾಯಿತು. "ಎಳೆಯೋದು ಕಟ್ಟೋದು ಎಲ್ಲ ಬೇಡಪ್ಪ, ಗಲಾಟೆ ಆಗುತ್ತೆ. ಬಾಯಲ್ಲಿ ಹೇಳಿ ಸರಿಮಾಡು."

"ಬಾಯಲ್ಲಾ?"

"ಮತ್ತಿನ್ನೇನು? ಕೈ ಗೀ ಹಚ್ಚೀಯ, ಹುಷಾರು."

"ಕೈ ಹಚ್ಚೋ ಮುಂಚೆ ಲೈನ್ ಆಫ್ ಮಾಡಿಸ್ಬೇಕು ಸಾರ್."

"ಆಫ್ ಮಾಡೋ ಹಾಗಿದ್ರೆ ನಾನು ಬಾಗಿಲು ಹಾಕ್ಕೊಂಡು ಮನೆಗೆ ಹೋಗ್ತಿರ್ಲಿಲ್ವೇನಯ್ಯ?"

ಆಮೇಲೆ ಮೇಲ್ವಿಚಾರಕರು ಎದ್ದು ಬಂದು, ಮಾವನ ಗಲ್ಲ ಹಿಡಿದು, ತಂತಿಯ ಕಡೆಗಿದ್ದ ಅವನ ಮುಖವನ್ನು ನೆಲದ ಕಡೆಗೆ ಬಗ್ಗಿಸಿದರು. ಅಂಗಳದ ತುಂಬ ಜನ. ಅರ್ಜಿ ಹಿಡಿದವರು, ಮಗು ಎತ್ತಿಕೊಂಡವರು, ಮೊಣಕೈಯಿಂದ ತಿವಿಯುವವರು, ತಿವಿಸಿಕೊಂಡು ಕಿರುಚುವವರು, ಎಲ್ಲರೂ ಒಂದೇ ಕಿಂಡಿಗೆ ಮುತ್ತಿಕೊಂಡಿದ್ದರು.

ಆಗಿದ್ದು ಇಷ್ಟು. ಲೈನ್ ನೋಡಿಕೊಳ್ಳಲು ಒಬ್ಬ ಮನುಷ್ಯ ಬೇಕು ಎಂದು ಕಚೇರಿಯವರು ಇಂಗ್ಲಿಷಿನಲ್ಲಿ ಬರೆದಿದ್ದರು. ಮೇಲಿನವರು ಆ ಲೈನನ್ನೂ ಆ ಮ್ಯಾನನ್ನೂ ಸೇರಿಸಿ ಓದಿಕೊಂಡು ಮಾವನನ್ನು ಕಳಿಸಿದ್ದರು. ತಪ್ಪು ಯಾರದೆಂದು ತೀರ್ಮಾನವಾಗುವವರೆಗೆ ಹುಡುಗ ಸುಮ್ಮನೆ ಕೂರುವುದೇಕೆ, ಜನರನ್ನು ನೋಡಿಕೊಳ್ಳಲಿ ಎಂದರು ಮೇಲ್ವಿಚಾರಕರು. ಆ ತೀರ್ಮಾನ ಇನ್ನೂ ಆಗಿಲ್ಲ.

ಮೊದಲ ವಾರ ಮಾವನ ಅಂಗಿಯ ಗುಂಡಿಗಳೆಲ್ಲ ಕಿತ್ತುಹೋದವು. ಮನೆಗೆ ಬಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದನಂತೆ. ಆದರೆ ಕೈಯಲ್ಲಿದ್ದ ವಿದ್ಯೆ ಸುಮ್ಮನಿರಗೊಡಲಿಲ್ಲ. ಒಂದು ದಿನ ಮೆಟ್ಟಿಲ ಮೇಲೆ ನಿಂತು ಜನರನ್ನು ನೋಡುತ್ತಿದ್ದಾಗ ಅವನಿಗೆ ಹೊಳೆಯಿತು. ಎರಡು ಕಂಬಗಳ ನಡುವೆ ದೂರ ಹೆಚ್ಚಾದರೆ ತಂತಿ ಬಾಗುತ್ತದೆ, ಇಲ್ಲಿಯೂ ಬಾಗುತ್ತಿರುವುದು ಅದಕ್ಕೇ. ಅವನು ಗಟ್ಟಿಮುಟ್ಟಾದ, ಮಾತು ಕಡಿಮೆಯ ಜನರನ್ನು ಆರಿಸಿ ಅಲ್ಲಲ್ಲಿ ನಿಲ್ಲಿಸಿದ. ಒಬ್ಬ ನಿವೃತ್ತ ಕುಸ್ತಿಪಟು, ಒಬ್ಬಳು ಕಲ್ಲು ಒಡೆಯುವ ಹೆಂಗಸು, ಎತ್ತರದ ಒಬ್ಬ ಸಂಗೀತದ ಮೇಷ್ಟ್ರು. ಅವರು ಕಂಬಗಳು. ಉಳಿದವರು ಅವರ ನಡುವೆ ತಾವಾಗಿ ನೆಟ್ಟಗಾದರು.

ಜಗಳಗಂಟರದು ಬೇರೆ ಸಮಸ್ಯೆ. ಅಕ್ಕಪಕ್ಕ ನಿಂತರೆ ಕಿಡಿ ಹಾರುತ್ತಿತ್ತು. ತಂತಿಗೂ ಕಂಬಕ್ಕೂ ನಡುವೆ ಕರೆಂಟು ದಾಟದಂತೆ ಪಿಂಗಾಣಿಯ ಬಟ್ಟಲು ಇಡುತ್ತಾರಲ್ಲ, ಅಂಥದ್ದೊಂದು ಬೇಕಿತ್ತು. ಬೀದಿಯ ಆ ಬದಿಯಲ್ಲಿ ಗಡಿಯಾರ ರಿಪೇರಿ ಮಾಡುವ ಮುದುಕನೊಬ್ಬನಿದ್ದ. ಎರಡೂ ಕಿವಿ ಕೇಳಿಸುತ್ತಿರಲಿಲ್ಲ, ಯಾರು ಏನೆಂದರೂ ನಗುತ್ತ ತಲೆದೂಗುತ್ತಿದ್ದ. ಮಾವ ಅವನನ್ನು ಕರೆತಂದು ಇಬ್ಬರು ಕಟುಕರ ನಡುವೆ ನಿಲ್ಲಿಸಿದ. ಹಿಂದಿನವನು ಬೈದ, ಮುದುಕ ತಲೆದೂಗಿದ. ಮುಂದಿನವನು ತಿರುಗಿ ಬೈದ, ಮುದುಕ ಅವನಿಗೂ ತಲೆದೂಗಿದ. ಬೈಗುಳ ಅಲ್ಲೇ ಆರಿಹೋಯಿತು. ಅಂದಿನಿಂದ ಆತನಿಗೆ ಪಿಂಗಾಣಿ ಎಂದೇ ಹೆಸರಾಯಿತು. ಅವನ ಪರವಾನಗಿ ಯಾವಾಗಲೋ ಕೈಸೇರಿತ್ತು. ಆದರೂ ಕರೆದರೆ ಬೇಡವೆನ್ನದೆ ದಿನವೂ ಬರುತ್ತಿದ್ದ. ಬಂದು ನಿಂತಲ್ಲೇ ಗಡಿಯಾರ ಬಿಚ್ಚಿಕೊಂಡು ಕೆಲಸ ಮಾಡುತ್ತಿದ್ದ. ಗಿರಾಕಿಗಳೂ ಹೆಚ್ಚಿದರು.

ಹೀಗಿರುವಾಗ ಒಂದು ಮಧ್ಯಾಹ್ನ ಅರ್ಧ ಹುಬ್ಬು ಸುಟ್ಟುಹೋದ ಸಣಕಲು ಮನುಷ್ಯನೊಬ್ಬ ಮಾವನನ್ನು ಹುಡುಕಿಕೊಂಡು ಬಂದ.

"ನಾನು ಜನರನ್ನ ಸಾಲಾಗಿ ನಿಲ್ಲಿಸೋ ಕೆಲಸಕ್ಕೆ ಅರ್ಜಿ ಹಾಕಿದ್ದೆ. ನನ್ನನ್ನ ವಿದ್ಯುತ್ ಇಲಾಖೆಗೆ ಕಳಿಸಿ ಕಂಬ ಹತ್ತಿಸಿದ್ರು."

ತನಗೆ ಬರಬೇಕಾಗಿದ್ದ ಕೆಲಸ ಇಷ್ಟು ದಿನ ಇವನ ಹತ್ತಿರ ಇತ್ತು! ಮಾವ ಅವನ ಕೈಹಿಡಿದು ಹೇಳಿದ, "ಬದಲಾಯಿಸ್ಕೊಳ್ಳೋಣ. ಇವತ್ತೇ ಬರೆದುಕೊಡ್ತೀನಿ."

ಸುಟ್ಟಹುಬ್ಬಿನವನು ಅಂಗಳವನ್ನೇ ನೋಡುತ್ತ ನಿಂತ. ಅಷ್ಟರಲ್ಲಿ ಮಾವನ ತೋಳನ್ನು ಒಬ್ಬಳು ಅಜ್ಜಿ ಎಳೆದಳು, ಒಬ್ಬ ವಕೀಲ ಎಳೆದ, ಇನ್ನಾರದೋ ಮಗು ಬೂಟಿನ ದಾರ ಎಳೆಯಿತು.

"ಬೇಡ," ಎಂದ ಸುಟ್ಟಹುಬ್ಬಿನವನು. "ಮೇಲೆ ಯಾರೂ ತಳ್ಳಲ್ಲ. ಗಾಳಿ ಇರುತ್ತೆ. ಊರೆಲ್ಲ ಕಾಣುತ್ತೆ. ನಾನು ಬಂದಿದ್ದು ಬೇರೆ ವಿಷಯಕ್ಕೆ. ಹತ್ತೋದು ಹೇಗೋ ಕಲಿತೆ, ಇಳಿಯೋದು ಬರ್ತಿಲ್ಲ. ಜಾರಿಬಿಡ್ತೀನಿ. ಸ್ವಲ್ಪ ಹೇಳಿಕೊಡ್ತೀಯಾ?"

ಮಾವ ಹಿಡಿದಿದ್ದ ಕೈ ಬಿಟ್ಟ. ಆದರೂ ಜಾರಿ ಸಾಯಲಿ ಎನ್ನುವ ಜಾತಿಯವನಲ್ಲ ಅವನು. ವರಾಂಡದ ಕಂಬವನ್ನು ತಬ್ಬಿಕೊಂಡು, ಮೊಣಕಾಲು ಎಲ್ಲಿರಬೇಕು, ಹಿಮ್ಮಡಿ ಎಲ್ಲಿರಬೇಕು ಎಂದು ತೋರಿಸಿಕೊಟ್ಟ. ಸುಟ್ಟಹುಬ್ಬಿನವನೂ ಪಕ್ಕದ ಕಂಬ ತಬ್ಬಿಕೊಂಡ. ಸಾಲಿನ ಜನ ಇದೂ ಒಂದು ನಿಯಮವಿರಬೇಕು ಎಂದುಕೊಂಡು, ಮುಂದಿದ್ದವರು ಮಿಕ್ಕ ಕಂಬಗಳನ್ನು ತಬ್ಬಿಕೊಂಡರು. ಆಗ ಮೇಲಿನ ಮಹಡಿಯ ಕಿಟಕಿಯಿಂದ ಒಂದು ನಗು ಕೇಳಿಸಿತು. ತಡೆದೂ ತಡೆದೂ ಸೋರಿಬಂದ ನಗು.

ಆ ಕಿಟಕಿಯಲ್ಲಿದ್ದವಳು ಕಚೇರಿಯ ಟೆಲಿಫೋನ್ ಆಪರೇಟರ್. ಅವಳ ಧ್ವನಿ ಮಾವನಿಗೆ ಚೆನ್ನಾಗಿ ಗೊತ್ತಿತ್ತು, ಅವನ ಕಷ್ಟಗಳಲ್ಲಿ ಅರ್ಧದಷ್ಟಕ್ಕೆ ಅದೇ ಕಾರಣ. ಅವಳು ಫೋನಿನಲ್ಲಿ ಯಾರಿಗೋ "ಲೈನ್‌ನಲ್ಲೇ ಇರಿ" ಎಂದರೆ ಕೆಳಗೆ ನೀರು ಕುಡಿಯಲು ಹೊರಟವರು ಓಡಿಬಂದು ನಿಲ್ಲುತ್ತಿದ್ದರು. "ಲೈನ್ ಖಾಲಿ ಇಲ್ಲ" ಎಂದರೆ ಗೇಟಿನ ಬಳಿ ಬಂದವರು ಹಿಂತಿರುಗುತ್ತಿದ್ದರು. "ಲೈನ್ ಕಟ್ ಆಗುತ್ತೆ" ಎಂದರಂತೂ ಇಡೀ ಸಾಲು ಮಾವನ ಮೇಲೆ ಬೀಳುತ್ತಿತ್ತು. ಇದನ್ನು ಹೇಳಲೇಬೇಕೆಂದು ಅವನು ಮರುದಿನ ಮೆಟ್ಟಿಲು ಹತ್ತಿದ.

"ಮೇಡಂ, ಸ್ವಲ್ಪ ಮೆತ್ತಗೆ ಮಾತಾಡಿ. ನೀವು ಅಲ್ಲಿ ಲೈನ್ ಕಟ್ ಅಂದ್ರೆ ಇಲ್ಲಿ ನನ್ನ ಕುತ್ತಿಗೆ ಹಿಡೀತಾರೆ."

"ಕಂಬ ತಬ್ಬಿಕೊಳ್ಳೋರು ನೀವೇ ತಾನೆ?" ಎಂದಳು ಅವಳು.

ಅಷ್ಟೇ ಮಾತು. ಆದರೆ ಅಂದಿನಿಂದ ಅವಳು ಪಿಸುಗುಟ್ಟತೊಡಗಿದಳು. ಅವಳು ಇದ್ದಾಳೋ ಇಲ್ಲವೋ ತಿಳಿಯದೆ ಮಾವ ಆಗಾಗ ಕತ್ತೆತ್ತಿ ಕಿಟಕಿ ನೋಡತೊಡಗಿದ. ಕೆಲಸ ಬದಲಾಯಿಸಿಕೊಡಿ ಎಂದು ಬರೆಯುವುದನ್ನು ಅವನು ನಿಲ್ಲಿಸಿದ್ದೂ ಆಗಲೇ ಇರಬೇಕು.

ಅದೇ ದಿನಗಳಲ್ಲಿ ಮೇಲ್ವಿಚಾರಕರು ಬಿಳಿ ಬಣ್ಣ ತರಿಸಿಕೊಟ್ಟು, ಗೇಟಿನಿಂದ ಕಿಂಡಿಯವರೆಗೆ ನೆಲದ ಮೇಲೆ ಗೆರೆ ಎಳೆಯಲು ಹೇಳಿದ್ದರು. ಮಾವ ಮೊಣಕಾಲೂರಿ ಗೆರೆ ಎಳೆಯುತ್ತಿದ್ದಾಗಲೇ ಕಚೇರಿಯ ಬೆರಳಚ್ಚುಗಾರ ಹೋಗಿ ಚಾಡಿ ಹೇಳಿದ: "ಸಾರ್, ಲೈನ್‌ಮನ್ ಕೆಲಸದ ಹೊತ್ತಲ್ಲಿ ಟೆಲಿಫೋನ್ ಮೇಡಂಗೆ ಲೈನ್ ಹೊಡೀತಿದ್ದಾನೆ." ಮೇಲ್ವಿಚಾರಕರಿಗೆ ಇಂಥ ವಿಷಯ ಎತ್ತಲು ಬಲು ಸಂಕೋಚ. ಮಾವನನ್ನು ಕರೆಸಿ, ಕತ್ತು ಒರೆಸಿಕೊಳ್ಳುತ್ತ ಗೋಡೆಯ ಕಡೆ ನೋಡಿಕೊಂಡು ಕೇಳಿದರು.

"ಏನಪ್ಪ, ಲೈನ್ ಹೊಡೀತಿದ್ದೀಯಂತೆ?"

"ಹೌದು ಸಾರ್. ಅರ್ಧ ಆಯ್ತು."

"ಅರ್ಧ ಆಯ್ತಾ! ಯಾವಾಗಿಂದ?"

"ಬೆಳಗ್ಗೆಯಿಂದ. ಸಂಜೆಯೊಳಗೆ ಮುಗಿಸ್ತೀನಿ."

"ಅಷ್ಟು ಅವಸರ ಮಾಡ್ಬಾರ್ದಪ್ಪ. ಎಲ್ಲರ ಎದುರಿಗೇ ಹೊಡೀತಿದ್ದೀಯಾ?"

"ಜನ ಇದ್ದೇ ಇರ್ತಾರಲ್ಲ ಸಾರ್. ಸ್ವಲ್ಪ ಸರೀರಿ ಅಂತ ಹೇಳಿ ಹೊಡೀತಿದ್ದೀನಿ."

ಮೇಲ್ವಿಚಾರಕರು ಕುರ್ಚಿಯಲ್ಲಿ ಕುಸಿದರು. "ಆ ಮೇಡಂನ ಕೇಳಿದ್ಯಾ?"

"ಅವರನ್ಯಾಕೆ ಕೇಳೋದು ಸಾರ್?"

"ಕೇಳದೆ ಹೊಡೆಯೋದು ತಪ್ಪಲ್ವೇನೋ? ಮರ್ಯಾದಸ್ಥರ ಲಕ್ಷಣವಾ ಇದು? ಈಗಲೇ ಹೋಗಿ ಕೇಳು."

ಮಾವ ಬಣ್ಣದ ಡಬ್ಬಿ, ಬ್ರಷ್ ಹಿಡಿದುಕೊಂಡೇ ಮೇಲೆ ಹೋದ. "ಮೇಡಂ, ಸಾಹೇಬರು ನಿಮ್ಮನ್ನ ಕೇಳು ಅಂದ್ರು. ನಾನು ಲೈನ್ ಹೊಡೀಬಹುದಾ?"

ಅವಳು ಕಿವಿಯ ಮೇಲಿದ್ದ ಯಂತ್ರ ತೆಗೆದಿಟ್ಟಳು. ಮುಖ ಕೆಂಪಾಗಿತ್ತು. ಯಂತ್ರದೊಳಗೆ ಊರಿಂದೂರಿಗೆ ಮಾತಾಡಬೇಕಾಗಿದ್ದವರೆಲ್ಲ ಹಲೋ ಹಲೋ ಎನ್ನುತ್ತಿದ್ದರು. "ಸಾಹೇಬರನ್ನೂ ಕೇಳಿಬಿಟ್ರಾ? ಆಯ್ತು, ಹೊಡೀರಿ. ಆದ್ರೆ ಬಂದು ನಮ್ಮಪ್ಪನ್ನೂ ಒಂದ್ಮಾತು ಕೇಳಿ."

ಅಪ್ಪನನ್ನು ಏಕೆ ಕೇಳಬೇಕು ಎಂದು ಯೋಚಿಸುತ್ತ ಮಾವ ಅರ್ಧ ಮೆಟ್ಟಿಲು ಇಳಿದ. ಆಗ ತಿಳಿಯಿತು. ಡಬ್ಬಿ ಕೈಜಾರಿ ಬಿತ್ತು. ಆ ಮೆಟ್ಟಿಲುಗಳ ಮೇಲಿನ ಬಿಳಿ ಕಲೆ ಬಹಳ ವರ್ಷ ಹಾಗೇ ಇತ್ತು. ಅತ್ತೆ ನಮ್ಮ ಮನೆಗೆ ಬಂದದ್ದು ಹೀಗೆ. "ನಾನು ಕೇಳಿದ್ದು ಬೇರೆ ಲೈನು" ಎಂದು ಮಾವ ಅವಳಿಗೆ ಎಂದೂ ಹೇಳಲಿಲ್ಲ. "ಅದು ನನಗೆ ಆವತ್ತೇ ಗೊತ್ತಿತ್ತು, ಕೈಯಲ್ಲಿ ಬ್ರಷ್ ಇತ್ತಲ್ಲ" ಎಂದು ಅತ್ತೆ ನಮಗೆ ಹೇಳಿದ್ದಾಳೆ.

ಮದುವೆಯಾದ ಮೇಲೆ ಮತ್ತೊಂದು ಆದೇಶ ಬಂತು. ಕಚೇರಿಯಲ್ಲಿ ಹುದ್ದೆಗಳ ಹೆಸರೆಲ್ಲ ಇಂಗ್ಲಿಷ್ ಬಿಟ್ಟು ನಮ್ಮ ಮಾತಿನಲ್ಲೇ ಇರಬೇಕು. ಲೈನ್‌ಮನ್‌ಗೆ ಏನೆನ್ನುವುದು? ಮೇಲ್ವಿಚಾರಕರು ಮನೆಗೇ ಬಂದು ಕೂತರು. ಅವರು ತಂತಿಗಾರ ಎಂದರು. ತಂತಿಯೇ ಇಲ್ಲವಲ್ಲ ಎಂದ ಮಾವ. ಗೆರೆಗಾರ ಎಂದರೆ ಗೆರೆ ಎಳೆದು ಮುಗಿದುಹೋಗಿದೆ. ಎಳೆ ಎಂದರೂ ಲೈನೇ ಅಲ್ಲವೆ, ಎಳೆಯವ ಎನ್ನೋಣವೆ ಎಂದು ಅವರು ಕೇಳಿದಾಗ ಅತ್ತೆ ಮಾವನ ನೆತ್ತಿಯ ಕಡೆ ನೋಡಿ ನಕ್ಕಳು. ಕೂದಲು ಆಗಲೇ ಹಿಂದೆ ಸರಿಯತೊಡಗಿತ್ತು. ಸರದಿ ಕಾಯುವವನು, ಹಾಗಾಗಿ ಸರದಿದಾರ ಎಂದಳು ಅವಳು. ದಂಡಿನ ನಾಯಕನ ಹಾಗೆ ಕೇಳಿಸುತ್ತದೆ ಎಂದು ಮೇಲ್ವಿಚಾರಕರಿಗೆ ಭಯವಾಯಿತು. ಕೊನೆಗೆ ಸಾಲು ನೋಡಿಕೊಳ್ಳುವವನು ಸಾಲುಗಾರ ಎಂದು ಗೊತ್ತುಮಾಡಿದರು. ಸಂಬಳದ ಪಟ್ಟಿಯಲ್ಲಿ ಮಾತ್ರ ಲೈನ್‌ಮನ್ ಎಂದೇ ಉಳಿಯಿತು.

ಫಲಕ ಬರೆಯುವವನು ಒಂದು ಕೊಂಬು ಬಿಟ್ಟ. ಮರುದಿನ ಮಾವನ ತಲೆಯ ಮೇಲೆ 'ಕಚೇರಿಯ ಸಾಲಗಾರ' ಎಂಬ ದೊಡ್ಡ ಫಲಕ ತೂಗಾಡಿತು. ಜನ ಅವನ ಮುಖ ನೋಡಲಾರದೆ ನೆಲ ನೋಡುತ್ತ ನಡೆದರು. ಕಲ್ಲು ಒಡೆಯುವ ಹೆಂಗಸು ಅವನ ರಬ್ಬರ್ ಕೈಗವಸಿನೊಳಗೆ ಏನೋ ತುರುಕಿ, "ಸಂಸಾರಸ್ಥ, ಇಟ್ಕೊ" ಎಂದಳು. ಅಜ್ಜಿ ಬಳೆ ಬಿಚ್ಚಿಕೊಂಡು ಕಚೇರಿಗೇ ಬಂದಳು. "ಮನೇಲಿ ಒಂದ್ಮಾತು ಹೇಳ್ಬಾರ್ದಿತ್ತೇನೋ? ಹೀಗೆ ಬೋರ್ಡು ಹಾಕಿಸ್ಕೊಳ್ಳೋ ಮಟ್ಟಕ್ಕೆ ಬಂತಾ?" ಬಹಳ ಓಡಾಡಿದ ಮೇಲೆ ಫಲಕದವನು ಬಂದು ಕೊಂಬು ಹಾಕಿಹೋದ. ಆವತ್ತು ಸಂಜೆ ಸಾಲಿನವರೆಲ್ಲ ಮಾವನ ಕೈಕುಲುಕಿ, "ಪೂರ್ತಿ ತೀರಿಸಿಬಿಟ್ರಂತೆ, ಭೇಷ್" ಎಂದರು.

ವರ್ಷಗಳು ಹೋದವು. ಪಿಂಗಾಣಿ ತೀರಿಕೊಂಡ. ಮೇಲ್ವಿಚಾರಕರು ನಿವೃತ್ತರಾಗಿ ಮಗಳ ಊರಿಗೆ ಹೋದರು. ಚುರುಕಾದ ಹೊಸ ಅಧಿಕಾರಿಣಿಯೊಬ್ಬಳು ಬಂದು, ಕಿಂಡಿ ಮುಚ್ಚಿಸಿ, ಬಾಗಿಲಿಗೆ ಚೀಟಿ ಅಂಟಿಸಿದಳು: 'ಇಂದಿನಿಂದ ಎಲ್ಲ ಸೇವೆಗಳೂ ಆನ್‌ಲೈನ್.'

ಜನ ಓದಿದರು. ಮಾವನೂ ಓದಿದ. ಅತ್ತೆ ಟೆಲಿಫೋನಿನಲ್ಲಿ ಕಲಿತಿದ್ದ ಇಂಗ್ಲಿಷನ್ನು ಅವನಿಗೆ ಅಲ್ಪಸ್ವಲ್ಪ ಹೇಳಿಕೊಟ್ಟಿದ್ದಳು. ಆನ್ ಎಂದರೆ ಮೇಲೆ. ಇಷ್ಟು ಕಾಲ ಜನ ಗೆರೆಯ ಪಕ್ಕದಲ್ಲಿ ನಿಲ್ಲುತ್ತಿದ್ದರು, ಇನ್ನು ಗೆರೆಯ ಮೇಲೇ ನಿಲ್ಲಬೇಕು. ಎರಡು ಪಾದಕ್ಕೆ ಅಷ್ಟು ಸಣ್ಣ ಗೆರೆ ಸಾಲದೆಂದು ಮಾವ ತನ್ನ ಕೈದುಡ್ಡಿನಿಂದಲೇ ಬಣ್ಣ ತಂದು ಅದನ್ನು ಅಗಲ ಮಾಡಿದ.

ಅಧಿಕಾರಿಣಿ ಮೇಲಿಂದ ನೋಡಿ ದಡಬಡ ಇಳಿದುಬಂದಳು. "ಯಾಕ್ರೀ ಎಲ್ಲ ಇಲ್ಲಿ ನಿಂತಿದ್ದೀರಿ? ಎಲ್ಲಾ ಆನ್‌ಲೈನ್ ಅಂತ ಬರೆದಿಲ್ವಾ?"

"ಆನ್‌ಲೈನೇ ಇದ್ದೀವಿ ಮೇಡಂ," ಎಂದ ಮುಂದಿದ್ದವನು, ಕಾಲು ತೋರಿಸುತ್ತ. "ಹಿಂದಿನವರು ಸ್ವಲ್ಪ ಆಚೆ ಹೋಗಿರಬಹುದು."

"ಅಯ್ಯೋ, ಫೋನಲ್ಲಿ ಮಾಡ್ರೀ!"

ಹಾಗಾದರೆ ಫೋನಿನಲ್ಲೇ ಮಾಡೋಣ ಎಂದು ಎಲ್ಲರೂ ಗೆರೆಯ ಮೇಲೆ ನಿಂತಲ್ಲೇ ಫೋನ್ ತೆಗೆದು ಒತ್ತಿದರು. ಗೊತ್ತಿಲ್ಲದವರಿಗೆ ಪಕ್ಕದವರು ಹೇಳಿಕೊಟ್ಟರು. ಪರವಾನಗಿಗಳು ಟಣ್ ಟಣ್ ಎಂದು ಬಂದೇಬಿಟ್ಟವು. ಮನೆಯಲ್ಲಿ ಕೂತು ಒತ್ತಿದವರಿಗೆ ಒಬ್ಬರಿಗೂ ಬರಲಿಲ್ಲ. ಅವರಿಗೆ ಹೇಳಿಕೊಡುವವರಿರಲಿಲ್ಲ. ಗೆರೆಯ ಮೇಲೆ ನಿಂತರೆ ಮಾತ್ರ ಆಗುತ್ತದೆ ಎಂದು ಊರಿಗೆಲ್ಲ ಸುದ್ದಿ ಹರಡಿತು. ಸಾಲು ಗೇಟು ದಾಟಿ ಬೀದಿಯ ತಿರುವಿನವರೆಗೆ ಬೆಳೆಯಿತು. ಅಧಿಕಾರಿಣಿ ಮುಖ್ಯ ಕಚೇರಿಗೆ ವರ್ಗ ಮಾಡಿಸಿಕೊಂಡಳು. ಗುಮಾಸ್ತರೂ ಹೋದರು. ಮಾವನ ನಿವೃತ್ತಿಯೂ ಬಂತು. ಕಟ್ಟಡಕ್ಕೆ ಬೀಗ ಬಿತ್ತು, ಸಾಲು ಮಾತ್ರ ಇತ್ತು.

ಒಬ್ಬ ಹಾಸಿಗೆ ವ್ಯಾಪಾರಿ ಆ ದಾರಿಯಲ್ಲಿ ಹೋಗುತ್ತಿದ್ದವನು ಇದನ್ನು ನೋಡಿದ. ಅಂಗಡಿ ತೆರೆದು ಜನರಿಗಾಗಿ ಕಾಯುವುದು ಅವನಿಗೆ ಗೊತ್ತಿತ್ತು. ಜನ ಮೊದಲೇ ಬಂದು ಅಂಗಡಿಗಾಗಿ ಕಾಯುತ್ತಿರುವುದನ್ನು ಅವನು ನೋಡಿರಲಿಲ್ಲ. ಆ ತಿಂಗಳೇ ಕಟ್ಟಡವನ್ನು ಬಾಡಿಗೆಗೆ ಹಿಡಿದು ಕಿಂಡಿ ತೆರೆದ.

ಮಾವ ಆಗ ಮನೆಯಲ್ಲಿದ್ದ. ಬೆಳಗಾದರೆ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಓಡಾಡಿ ಅತ್ತೆಯ ತಲೆ ತಿನ್ನುತ್ತಿದ್ದ. ಒಂದು ಬೆಳಗ್ಗೆ ಚಹಾ ಲೋಟ ಕೆಳಗಿಟ್ಟು ಎದ್ದ. "ಇಷ್ಟು ವರ್ಷ ಲೈನ್ ನೋಡ್ಕೊಂಡೆ. ಒಳಗಿಂದ ಹೇಗಿರುತ್ತೆ ಅಂತಾನೇ ಗೊತ್ತಿಲ್ಲ ಕಣೆ. ಒಂದ್ಸಲ ನಿಂತು ಬರ್ತೀನಿ."

ಹೋಗಿ ಬೀದಿಯ ತಿರುವಿನಲ್ಲಿ, ಎಲ್ಲರಿಗಿಂತ ಹಿಂದೆ ನಿಂತ. ಮುಂದಿದ್ದವನು ಶಾಲಾ ಬಸ್ಸಿನ ಚಾಲಕ. ತನ್ನ ಮೊಣಕಾಲು ನೋವಿನ ಕಥೆಯನ್ನು ಮೊದಲಿಂದ ಹೇಳಿದ. ಹಿಂದೆ ಬಂದು ಸೇರಿದವಳು ಮಾವನ ಭುಜದ ಮೇಲೆ ಕೈಯೂರಿ ಚಪ್ಪಲಿ ಸರಿಮಾಡಿಕೊಂಡಳು, ಕೇಳದೆಯೇ. ಬಿಸಿಲೇರಿದಾಗ ಯಾರೋ ಅರ್ಧ ಕೊಡೆ ಕೊಟ್ಟರು. ಸಾಲಿನಲ್ಲಿ ಈಗ ಎಲ್ಲ ಹೊಸಬರು, ಮಾವನನ್ನು ಯಾರೂ ಗುರುತಿಸಲಿಲ್ಲ. ಅವನಿಗೆ ಯಾರ ಜವಾಬ್ದಾರಿಯೂ ಇರಲಿಲ್ಲ. ಮುಂದಿನವನು ಒಂದು ಹೆಜ್ಜೆ ಇಟ್ಟರೆ ತಾನೊಂದು ಹೆಜ್ಜೆ ಇಡುವುದು, ಅಷ್ಟೆ. ಎಷ್ಟು ಹಾಯಾಗಿತ್ತೆಂದರೆ ಕಿಂಡಿ ಬಂದಾಗ ಬೇಜಾರಾಯಿತಂತೆ.

"ಸಿಂಗಲ್ಲಾ, ಡಬಲ್ಲಾ?" ಎಂದ ಕಿಂಡಿಯವನು.

ಮಾವ ಹಾಸಿಗೆ ಹೊತ್ತುಕೊಂಡು ಮನೆಗೆ ಬಂದ. ಬಾಗಿಲಲ್ಲಿ ಹಿಡಿಸಲಿಲ್ಲ, ಅತ್ತೆ ಒಳಗಿನಿಂದ ಎಳೆಯಬೇಕಾಯಿತು.

"ಮನೇಲಿ ಹಾಸಿಗೆ ಇಲ್ವಾ? ಯಾಕ್ರೀ ಇದು?"

"ಅಷ್ಟು ಹೊತ್ತು ನಿಂತ ಮೇಲೆ ಬರಿಗೈಲಿ ಹೇಗೆ ಬರೋದು?"

ಅತ್ತೆಗೆ ಅದು ಸರಿಯೆನಿಸಿತು. ಈಗ ಆ ಹಾಸಿಗೆ ಅವರ ಮುಂದಿನ ಕೋಣೆಯಲ್ಲಿದೆ. ನಾವು ಹೋದಾಗ ಮಲಗುವುದು ಅದರ ಮೇಲೆಯೇ. ಸ್ವಲ್ಪ ಗಟ್ಟಿ. ಅತ್ತೆ ಹೇಳುತ್ತಾಳೆ, ಮುಂದಿನ ಸಲ ತಾನೇ ಹೋಗಿ ನಿಂತು, ಮೆತ್ತಗಿರುವುದು ತರುತ್ತಾಳಂತೆ.